ಉಸಿರಿನಲ್ಲಿ ಟಿಕ್ ಟಿಕ್

ದೀಪ ಆರಿಸಿದ ಮೇಲೆ ಫಿಂಚ್ ಹಕ್ಕಿಯ ಪಂಜರದ ಪಕ್ಕ ಸುಮ್ಮನೆ ಕೂತು ಕಿವಿಗೊಡಿ. ಉಸಿರಾಟದ ಜೊತೆಗೆ ಸಣ್ಣಗೆ ‘ಟಿಕ್ ಟಿಕ್’ ಸದ್ದು ಕೇಳಿಸಿದರೆ, ಹಕ್ಕಿಯ ಶ್ವಾಸನಾಳದಲ್ಲಿ ನುಸಿ ಸೇರಿಕೊಂಡಿರಬಹುದು.

ನುಸಿ ಎಂದರೆ ನಮ್ಮ ತೆಂಗಿನ ತೋಟದವರಿಗೆ ಕಾಯಿ ಕೆಡಿಸುವ ಪೀಡೆ. ಇದೂ ಅದೇ ಬಳಗದ್ದು, ಜೇಡದ ದೂರದ ನೆಂಟ. (ತೆಂಗಿನ ನುಸಿಗೆ ನಾಲ್ಕೇ ಕಾಲು, ಬೆಳೆದ ಈ ನುಸಿಗೆ ಎಂಟು.) ಸ್ಟರ್ನೊಸ್ಟೋಮ ಟ್ರೇಕಿಯಕೋಲಮ್ ಎಂಬುದು ಇದರ ಹೆಸರು. ಶ್ವಾಸನಾಳ, ಶ್ವಾಸಕೋಶ ಮತ್ತು ಗಾಳಿಚೀಲಗಳೇ ಇದರ ಮನೆ. ಉತ್ತರ ಆಸ್ಟ್ರೇಲಿಯದ ಬಣ್ಣದ ಗೌಲ್ಡಿಯನ್ ಫಿಂಚ್‌ಗಳಿಗೂ ಕ್ಯಾನರಿ ಹಕ್ಕಿಗಳಿಗೂ ಇದರ ಕಾಟ ಹೆಚ್ಚು. ತಾಯಿ ಮರಿಗೆ ಗುಟುಕು ಕೊಡುವಾಗಲೇ ದಾಟಿಬಿಡುತ್ತದೆ. ಕೆಮ್ಮು, ಕುಡಿಯುವ ನೀರಿನ ಬಟ್ಟಲು ಇನ್ನೆರಡು ದಾರಿ.

ಮೊದಲು ಹೋಗುವುದು ದನಿ. ದಿನವಿಡೀ ಹಾಡುತ್ತಿದ್ದ ಗಂಡು ಮೌನವಾಗುತ್ತದೆ. ಆಮೇಲೆ ಕೊಕ್ಕು ತೆರೆದು ಏದುಸಿರು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ. ಪಶುವೈದ್ಯರು ಕತ್ತಲ ಕೋಣೆಯಲ್ಲಿ ಗಂಟಲಿನ ಪುಕ್ಕವನ್ನು ಸ್ಪಿರಿಟ್‌ನಿಂದ ಒದ್ದೆ ಮಾಡಿ, ಹಿಂದಿನಿಂದ ಟಾರ್ಚ್ ಬಿಡುತ್ತಾರೆ. ಅಷ್ಟು ತೆಳು ಚರ್ಮ. ನಾಳದೊಳಗಿನ ನುಸಿಗಳು ಕಪ್ಪು ಚುಕ್ಕಿಗಳಾಗಿ ಕಂಡಾವು. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ.

ಪಂಜರದ ಹಕ್ಕಿಗಳನ್ನು ಕಾಡುವ ಇನ್ನೊಂದು ನುಸಿ ಕೆಂಪು ನುಸಿ; ಅದರ ಕಥೆ ಪೂರ್ತಿ ಬೇರೆ. ಇದು ಹಕ್ಕಿಯ ಮೇಲೆ ವಾಸ ಮಾಡುವುದೇ ಇಲ್ಲ. ಹಗಲಿಡೀ ಪಂಜರದ ಸಂದಿಯಲ್ಲೋ ಗೂಡುಪೆಟ್ಟಿಗೆಯಲ್ಲೋ ಅಡಗಿದ್ದು, ರಾತ್ರಿ ಬಂದು ರಕ್ತ ಹೀರಿ ಹೋಗುತ್ತದೆ. ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಗ್ಗೆ ಮಡಿಕೆಗಳನ್ನು ಬಿಡಿಸಿ ನೋಡಿದರೆ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕಿಗಳು ಹರಿದಾಡುತ್ತಿರುತ್ತವೆ. ಇಲ್ಲಿ ಮದ್ದು ಹಕ್ಕಿಗಿಂತ ಪಂಜರಕ್ಕೆ ಆಗಬೇಕು: ಹಕ್ಕಿಯನ್ನು ಬೇರೆ ಕಡೆ ಇಟ್ಟು ಸಂದಿಗೊಂದಿಗೆಲ್ಲ ಕುದಿನೀರು ಸುರಿದು ಉಜ್ಜಬೇಕು, ಹಳೆ ಗೂಡು ಸುಡಬೇಕು, ವಾರ ಬಿಟ್ಟು ಮತ್ತೆ ಅದೇ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಖಾಲಿ ಬಿದ್ದ ಪಂಜರವನ್ನೂ ನಂಬುವಂತಿಲ್ಲ; ರಕ್ತವಿಲ್ಲದೆ ತಿಂಗಳುಗಳ ಕಾಲ ಬದುಕುವ ಜೀವ ಅದು.

ಉಸಿರುನಾಳದ ನುಸಿಗೆ ಐವರ್ಮೆಕ್ಟಿನ್ ಔಷಧವಿದೆ. ಆದರೆ ‘ದನಕ್ಕೆ ಕೊಡುವ ಇಂಜೆಕ್ಷನ್ ಮನೆಯಲ್ಲೇ ಇದೆ, ಒಂದು ಹನಿ ಹಾಕಿದರಾಯಿತು’ ಎನ್ನುವವರಿಗೆ ಒಂದು ಲೆಕ್ಕ. ಜೀಬ್ರಾ ಫಿಂಚ್ ತೂಗುವುದು ಸುಮಾರು 12 ಗ್ರಾಂ. ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ ಬೇಕಾದದ್ದು 0.0024 ಮಿಲಿಗ್ರಾಂ. ಶೇಕಡಾ 1ರ ಆ ದ್ರಾವಣದ ಒಂದು ಹನಿಯಲ್ಲಿ ಇರುವುದು ಸುಮಾರು 0.5 ಮಿಲಿಗ್ರಾಂ, ಅಂದರೆ ಇನ್ನೂರು ಪಟ್ಟು! ಹಕ್ಕಿಗಳನ್ನು ನೋಡುವ ವೈದ್ಯರು ತೆಳುಗೊಳಿಸಿದ ಮದ್ದನ್ನು ಕತ್ತಿನ ಚರ್ಮಕ್ಕೆ ಹಚ್ಚಿ, ಕೆಲವು ದಿನ ಬಿಟ್ಟು ಮತ್ತೆ ಹಚ್ಚುತ್ತಾರೆ. ತೀರಾ ಬಳಲಿದ ಹಕ್ಕಿಯಲ್ಲಿ ಸತ್ತ ನುಸಿಗಳೇ ನಾಳಕ್ಕೆ ಅಡ್ಡಬಿದ್ದು ಉಸಿರು ಕಟ್ಟುವುದುಂಟು, ಅದಕ್ಕೇ ಸದ್ದು ಕೇಳಿದ ವಾರವೇ ವೈದ್ಯರ ಬಳಿ ಹೋಗುವುದು ವಾಸಿ. ಹೋಗುವಾಗ ಆ ಪಂಜರದ ಎಲ್ಲ ಹಕ್ಕಿಗಳನ್ನೂ ಒಯ್ಯಿರಿ, ಚೆನ್ನಾಗಿ ಹಾಡುತ್ತಿರುವವನ್ನೂ.