ಕಾಫಿ ತೋಟದ ಮನೆಗೆ ಯಾವ ಆಂಟೆನಾ?

ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಮನೆಗೆ 4ಜಿ ರೂಟರ್ ಹಾಕಿಸುವವರು ಆಂಟೆನಾ ಎಷ್ಟು ಡಿಬಿಐ ಎಂದು ಮೊದಲು ಕೇಳುತ್ತಾರೆ. ಆಂಟೆನಾ ಒಂದು ದಿಕ್ಕಿನ ಸಿಗ್ನಲ್ಲನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದೇ ಗೇನ್, ಅದರ ಅಳತೆ ಡಿಬಿಐ. ಅದಕ್ಕೂ ಮುಂಚೆ ಟವರ್ ಕಣ್ಣಿಗೆ ಕಾಣುತ್ತದೆಯೇ, ಯಾವ ಬ್ಯಾಂಡ್ (ಸಿಗ್ನಲ್ ಬರುವ ಆವರ್ತನದ ಪಟ್ಟಿ) ಸಿಗುತ್ತಿದೆ ಎಂದು ನೋಡಬೇಕು. ಬ್ಯಾಂಡ್ ಸಂಖ್ಯೆ ಸಾಮಾನ್ಯವಾಗಿ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲೇ ಇರುತ್ತದೆ: 5 ಅಂದರೆ 850 ಮೆಗಾಹರ್ಟ್ಸ್, 8 ಅಂದರೆ 900, 3 ಅಂದರೆ 1800, 40 ಅಂದರೆ 2300. ಗುಡ್ಡದ ಮರೆಯಲ್ಲಿರುವ ಮನೆಗೆ 850, 900 ಬಂದರೆ ಅದೃಷ್ಟ. ಆ ಅಲೆ ಗುಡ್ಡದ ನೆತ್ತಿಯಲ್ಲಿ ಬಾಗಿ ಕೆಳಗಿಳಿಯುತ್ತದೆ. 2300 ಅಷ್ಟು ಬಾಗುವುದಿಲ್ಲ, ಮಳೆಗೆ ತೊಯ್ದ ಸಿಲ್ವರ್ ಓಕ್ ಸಾಲು ಅಡ್ಡ ಬಂದರೂ ಸೊರಗುತ್ತದೆ.

ಒಂದೇ ಬ್ಯಾಂಡ್ ಖಚಿತವಿದ್ದರೆ ಯಾಗಿ, ಅಂದರೆ ಹಳೆಯ ಟಿವಿ ಆಂಟೆನಾದಂತೆ ಸಾಲಾಗಿ ಕಡ್ಡಿಗಳಿರುವ ಆಂಟೆನಾ, ಒಳ್ಳೆಯದು. ಆದರೆ 1800ಕ್ಕೆ ಕತ್ತರಿಸಿದ ಯಾಗಿ 2300ರಲ್ಲಿ ಕೆಲಸಕ್ಕೆ ಬಾರದು: ಮುಂದಿನ ಕಡ್ಡಿಗಳು ಆ ಅಲೆಗೆ ಉದ್ದವಾಗಿ, ದಿಕ್ಕು ತೋರುವ ಗುಣವನ್ನೇ ಕಳೆದುಕೊಳ್ಳುತ್ತವೆ. ಅರ್ಧ ಮೀಟರ್ ಉದ್ದದ ಯಾಗಿ 1800ರಲ್ಲಿ 14–15 ಡಿಬಿಐ ಕೊಟ್ಟರೆ ಅದೇ ಹೆಚ್ಚು. ಅಷ್ಟೇ ಉದ್ದದ್ದರ ಡಬ್ಬಿಯ ಮೇಲೆ 25 ಎಂದು ಬರೆದಿದ್ದರೆ ಕೊಳ್ಳಬೇಡಿ.

ನಮ್ಮ ಮಲೆನಾಡಿಗೆ ನನ್ನ ಮೊದಲ ಆಯ್ಕೆ ಲಾಗ್ ಪೀರಿಯಾಡಿಕ್, ಅಂದರೆ ಗಿಡ್ಡದಿಂದ ಉದ್ದಕ್ಕೆ ಬೆಳೆಯುತ್ತಾ ಹೋಗುವ ಕಡ್ಡಿಗಳಿಂದ ಹಲವು ಬ್ಯಾಂಡ್ ಹಿಡಿಯುವ ಆಂಟೆನಾ. ಗೇನ್ 8–10 ಡಿಬಿಐ ಅಷ್ಟೇ, ಆದರೆ 700ರಿಂದ 2700ರವರೆಗೆ ಒಂದೇ ಆಂಟೆನಾ ಸಾಕು. ಸುಮಾರು 60 ಡಿಗ್ರಿ ಅಗಲಕ್ಕೆ ನೋಡುವುದರಿಂದ, ಎದುರು ಗುಡ್ಡಕ್ಕೆ ಬಡಿದು ಬರುವ ಸಿಗ್ನಲ್ಲೂ ಸಿಗುತ್ತದೆ. ಜಾಲರಿಯ ತಟ್ಟೆಯಂತಿರುವ ಗ್ರಿಡ್ ಡಿಶ್ 1800ರಲ್ಲಿ 20ರ ಆಸುಪಾಸು ಕೊಡುತ್ತದೆ, ಆದರೆ ಟವರ್ ನೇರ ಕಾಣಬೇಕು. ಗಾಳಿಗೆ ಕಂಬ ಸ್ವಲ್ಪ ತಿರುಗಿದರೂ ಲಿಂಕ್ ಹೋಯಿತು.

ಗೇನ್‌ಗಿಂತ ಹೆಚ್ಚು ದುಡ್ಡು ಹಾಳಾಗುವುದು ಕೇಬಲ್‌ನಲ್ಲಿ. ತೆಳು ಆರ್‌ಜಿ-58 ಕೇಬಲ್ 1800ರಲ್ಲಿ 15 ಮೀಟರಿಗೆ ಸುಮಾರು 11 ಡಿಬಿ ನುಂಗುತ್ತದೆ. ಲಾಗ್ ಪೀರಿಯಾಡಿಕ್‌ನ ಗಳಿಕೆಯೆಲ್ಲ ಅಲ್ಲೇ ಮುಗಿಯಿತು. ದಪ್ಪನೆಯ ಎಲ್‌ಎಂಆರ್-400 ಕೇಬಲ್ ಹಾಕಿದರೆ ನಷ್ಟ 3 ಡಿಬಿಯೊಳಗೆ. ಅಷ್ಟು ಖರ್ಚು ಬೇಡವೆಂದರೆ ಡಿಶ್ ಟಿವಿಗೆ ಎಳೆಯುವ ಒಳ್ಳೆಯ ಆರ್‌ಜಿ-6 ಕೂಡ ನಡೆಯುತ್ತದೆ. ರೂಟರ್, ಆಂಟೆನಾ 50 ಓಮ್‌ನವು, ಇದು 75 ಓಮ್ ಎಂದು ಹೆದರಬೇಡಿ. ಆ ವ್ಯತ್ಯಾಸದಿಂದ ಹೋಗುವುದು ಸುಮಾರು 0.2 ಡಿಬಿ. ಇದಕ್ಕಿಂತ ಒಳ್ಳೆಯ ದಾರಿ ರೂಟರನ್ನೇ ಅಟ್ಟದ ಮೇಲಿಟ್ಟು, ಕೆಳಗೆ ಲ್ಯಾನ್ ಕೇಬಲ್ ಇಳಿಸುವುದು.

ರೂಟರ್‌ಗೆ ಎರಡು ಆಂಟೆನಾ ಸಾಕೆಟ್ ಇದ್ದರೆ ಎರಡನ್ನೂ ಬಳಸಿ. ಎರಡರ ಮುಖವೂ ಒಂದೇ ಕಡೆ ಇರಲಿ, ಆದರೆ ಒಂದರ ಕಡ್ಡಿ 45 ಡಿಗ್ರಿ ಎಡಕ್ಕೆ, ಇನ್ನೊಂದರದು ಅಷ್ಟೇ ಬಲಕ್ಕೆ ವಾಲಿರಲಿ. ಟವರ್‌ನ ಆಂಟೆನಾಗಳೂ ಹೆಚ್ಚಾಗಿ ಹೀಗೇ ಇರುತ್ತವೆ. ಆಮೇಲೆ ಪ್ರತಿ ಸಲ 15 ಡಿಗ್ರಿಯಷ್ಟು ತಿರುಗಿಸಿ, ಒಂದು ನಿಮಿಷ ಕಾದು, ರೂಟರ್ ತೋರಿಸುವ ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) ಬರೆದುಕೊಳ್ಳಿ. ಮೊಬೈಲಿನ ಕಡ್ಡಿ ನೋಡಬೇಡಿ. ಆರ್‌ಎಸ್‌ಆರ್‌ಪಿ (ಸಿಗ್ನಲ್ಲಿನ ಬಲದ ಅಳತೆ) ತುಸು ಕಮ್ಮಿಯಾದರೂ ಎಸ್‌ಐಎನ್‌ಆರ್ ಹೆಚ್ಚಿರುವ ದಿಕ್ಕಿನಲ್ಲೇ ವೇಗ ಹೆಚ್ಚು. ಪರವಾನಗಿ ಇಲ್ಲದ ಬೂಸ್ಟರ್ ಮಾತ್ರ ಹಾಕಲೇಬೇಡಿ. ಅದು ಕಾನೂನುಬಾಹಿರ, ಅಕ್ಕಪಕ್ಕದವರ ಸಿಗ್ನಲ್ಲನ್ನೂ ಕೆಡಿಸುತ್ತದೆ.

ಹೂಮಳೆಯ ಗುಡುಗು ಶುರುವಾಗುವ ಮೊದಲೇ ಕಂಬಕ್ಕೆ ಅರ್ತಿಂಗ್ ಆಗಿರಲಿ. ಕನೆಕ್ಟರ್‌ಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆ ಹಸಿರು ಕಿಲುಬು ಗ್ಯಾರಂಟಿ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಒಂದು ಗೇಣು ಕೆಳಕ್ಕೆ ಜೋಲಿಸಿ. ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.