ಫಾರ್ಮ್ ಡಿ ಆರನೆಯ ವರ್ಷ: ವಾರ್ಡಿನಲ್ಲಿ ಮಾಡಬೇಕಾದ ಕೆಲಸವೇನು?

ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿಯ ಆರನೆಯ ವರ್ಷವಿಡೀ ಆಸ್ಪತ್ರೆಯಲ್ಲಿಯೇ ಕಳೆಯುತ್ತದೆ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಾವಳಿ ಇದನ್ನು ಇಂಟರ್ನ್‌ಶಿಪ್ ಅಥವಾ ರೆಸಿಡೆನ್ಸಿ ಎಂದು ಕರೆದು, ಆರು ತಿಂಗಳು ಜನರಲ್ ಮೆಡಿಸಿನ್‌ನಲ್ಲಿ, ಉಳಿದ ಅವಧಿ ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳಂತೆ ಇರಬೇಕೆಂದು ವಿಧಿಸುತ್ತದೆ. ಸ್ಟೈಪೆಂಡ್ ಒಂದೊಂದು ಕಡೆ ಒಂದೊಂದು ರೀತಿ. ಸೇರುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ದಿನದ ಮುಖ್ಯ ಕೆಲಸ ರೌಂಡ್ಸ್, ಅಂದರೆ ವೈದ್ಯರು ವಾರ್ಡಿನ ರೋಗಿಗಳನ್ನು ನೋಡುತ್ತ ಬರುವುದು, ಶುರುವಾಗುವ ಮೊದಲೇ ಕೇಸ್ ಶೀಟ್ ಓದುವುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾಖಲಾದ, 68 ವರ್ಷದ, 45 ಕಿಲೋ ತೂಕದ ಅಜ್ಜಿಯೊಬ್ಬರಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಎನಾಕ್ಸಪಾರಿನ್ ಇಂಜೆಕ್ಷನ್ ಅನ್ನು ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ 12 ಗಂಟೆಗೊಮ್ಮೆ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಮೂತ್ರಪಿಂಡದ ಸ್ಥಿತಿಯನ್ನು ಸೂಚಿಸುವ, ರಕ್ತದಲ್ಲಿನ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 1.4 ಮಿಲಿಗ್ರಾಂ ಇದ್ದರೆ ಕಣ್ಣಿಗೆ ಅಷ್ಟೇನೂ ಹೆಚ್ಚೆನಿಸದು. ಆದರೆ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಂತೆ 140ರಿಂದ ವಯಸ್ಸನ್ನು ಕಳೆದು, ಬಂದದ್ದನ್ನು ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಿಗೆ ಅನ್ವಯಿಸುವ 0.85ರಿಂದ ಮತ್ತೆ ಗುಣಿಸಿದರೆ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತವನ್ನು ಶುದ್ಧಗೊಳಿಸುವ ವೇಗ, ನಿಮಿಷಕ್ಕೆ ಸುಮಾರು 27 ಮಿಲಿಲೀಟರ್ ಮಾತ್ರ. ಅದು 30ಕ್ಕಿಂತ ಕೆಳಗಿಳಿದಾಗ ಔಷಧ ದೇಹದಲ್ಲೇ ಉಳಿದು ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಅದೇ ಡೋಸನ್ನು ದಿನಕ್ಕೊಮ್ಮೆ ಮಾತ್ರ ಕೊಡಬೇಕು.

ಲೆಕ್ಕಕ್ಕಿಂತ ಕಷ್ಟದ್ದು ಅದನ್ನು ಹೇಳುವುದು. ಎಲ್ಲರ ಮುಂದೆ "ಡೋಸ್ ತಪ್ಪಾಗಿದೆ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ; "ಮೇಡಂ, ಕ್ಲಿಯರೆನ್ಸ್ 27 ಬರುತ್ತಿದೆ, ದಿನಕ್ಕೊಮ್ಮೆ ಮಾಡಬಹುದೇ?" ಎಂದು ಪಿಜಿ ವೈದ್ಯರನ್ನು ರೌಂಡ್ಸ್‌ಗೆ ಮುಂಚೆಯೇ ಕೇಳಿದರೆ ಅವರೇ ಚಾರ್ಟ್ ತೆರೆಯುತ್ತಾರೆ. ಸಲಹೆಯನ್ನು ಒಪ್ಪಿದರೋ ಇಲ್ಲವೋ ಎಂಬುದನ್ನು ಅಂದೇ ದಾಖಲಿಸಿಡಬೇಕು.

ಔಷಧದ ಅಡ್ಡಪರಿಣಾಮ ಕಂಡರೆ, ಖಚಿತವಾಗುವವರೆಗೆ ಕಾಯದೆ, ಅನುಮಾನವಿದ್ದಾಗಲೇ ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಫಾರಂ ತುಂಬಬೇಕು. ಆಸ್ಪತ್ರೆಯ ಕೇಂದ್ರದಿಂದ ಅದು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ಗೆ ಹೋಗುತ್ತದೆ.

ರೋಗಿಯೊಡನೆ ಮಾತನಾಡುವುದಕ್ಕೆ ಪುಸ್ತಕದ ಪ್ರಶ್ನೆಗಳು ಸಾಲವು. "ಬೇರೆ ಔಷಧ ತಗೊಳ್ತೀರಾ?" ಎಂದರೆ "ಇಲ್ಲ" ಎನ್ನುವ ಯಜಮಾನರೇ, "ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಏನಾದರೂ ಕೇಳಿ ತರ್ತೀರಾ?" ಎಂದಾಗ ಚೀಲದಿಂದ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಸ್ಟ್ರಿಪ್ ತೆಗೆಯುತ್ತಾರೆ. ಇನ್‌ಹೇಲರ್ ವಿಷಯವೂ ಹಾಗೆಯೇ: ವಿವರಿಸಿ ಸುಮ್ಮನಾಗದೆ, ಅವರ ಕೈಗೇ ಕೊಟ್ಟು ಮಾಡಿಸಿ ನೋಡಿದರೆ, ಮುಚ್ಚಳ ತೆಗೆಯದೆಯೇ ಒತ್ತುವವರೂ ಸಿಗುತ್ತಾರೆ.