ಅಷ್ಟು ಬೇಗ ಅಷ್ಟು ದೊಡ್ಡ ಗ್ಯಾಲಕ್ಸಿಗಳು ಹೇಗೆ ಬೆಳೆದವು?

ಪ್ರಶ್ನೆ: ವಿಶ್ವ ಇನ್ನೂ ಎಳೆಯದಾಗಿದ್ದಾಗಲೇ ದೊಡ್ಡ ದೊಡ್ಡ ಗ್ಯಾಲಕ್ಸಿಗಳಿದ್ದವು ಎಂದು ಜೇಮ್ಸ್ ವೆಬ್ ದೂರದರ್ಶಕ ತೋರಿಸಿದೆಯಂತೆ. ಹಾಗಾದರೆ ಬಿಗ್ ಬ್ಯಾಂಗ್ ಲೆಕ್ಕವೇ ತಪ್ಪಾ?

ಉತ್ತರ: ಬಿಗ್ ಬ್ಯಾಂಗ್‌ಗೆ ಏನೂ ಆಗಿಲ್ಲ. ನಕ್ಷತ್ರಗಳು ಎಷ್ಟು ಬೇಗ ಹುಟ್ಟಬಲ್ಲವು ಎಂಬ ಅಂದಾಜನ್ನು ಮಾತ್ರ ತಿದ್ದಿಕೊಳ್ಳಬೇಕಾಗಿ ಬಂದಿದೆ.

ಗಾಬರಿ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ವಿಶ್ವದ ಈಗಿನ ವಯಸ್ಸು 1,380 ಕೋಟಿ ವರ್ಷ. ಅದಕ್ಕೆ 50ರಿಂದ 70 ಕೋಟಿ ವರ್ಷ ಆಗಿದ್ದಾಗಿನ ಆರು ಗ್ಯಾಲಕ್ಸಿಗಳು ತುಂಬಾ ದೊಡ್ಡದಾಗಿ ಕಂಡವು. ಒಂದರಲ್ಲಂತೂ ನಮ್ಮ ಕ್ಷೀರಪಥದಷ್ಟೇ ನಕ್ಷತ್ರಗಳಿರಬಹುದು ಎಂದು ಲೆಕ್ಕ ಹೇಳಿತು.

ಆದರೆ ಗ್ಯಾಲಕ್ಸಿಯನ್ನು ತಕ್ಕಡಿಗೆ ಹಾಕಲು ಆಗುವುದಿಲ್ಲ, ಅಲ್ವಾ? ಬರುವ ಬೆಳಕು ನೋಡಿಯೇ ಇಷ್ಟು ನಕ್ಷತ್ರ ಇರಬೇಕು ಎಂದು ಎಣಿಸುತ್ತಾರೆ. ನಡುವೆ ಒಂದು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇದ್ದು, ಅದರೊಳಕ್ಕೆ ಬೀಳುವ ಅನಿಲ ಕಾದು ಹೊಳೆಯುತ್ತಿದ್ದರೆ ಆ ಬೆಳಕೂ ನಕ್ಷತ್ರಗಳ ಲೆಕ್ಕಕ್ಕೆ ಸೇರಿಬಿಡುತ್ತದೆ. ಆರರಲ್ಲಿ ಒಂದರದ್ದು ಇದೇ ಕಥೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕಪ್ಪುಕುಳಿಯ ಗುರುತು ಸಿಕ್ಕಿತು. ಅದು ಅಂದುಕೊಂಡಷ್ಟು ದೂರದಲ್ಲೂ ಇರಲಿಲ್ಲ, ಅಂದರೆ ಅಷ್ಟು ಹಿಂದಿನ ಕಾಲದ್ದೂ ಅಲ್ಲ.

ಹಾಗಂತ ಅಚ್ಚರಿ ಪೂರ್ತಿ ಕರಗಿಲ್ಲ. 2024ರಲ್ಲಿ, ಜೇಮ್ಸ್ ವೆಬ್‌ನಿಂದ ದೂರದ ಗ್ಯಾಲಕ್ಸಿಗಳನ್ನು ಹುಡುಕುವ ಜೇಡ್ಸ್ ತಂಡಕ್ಕೆ ಸಿಕ್ಕ ಒಂದು ಗ್ಯಾಲಕ್ಸಿ ಬಿಗ್ ಬ್ಯಾಂಗ್ ಆದ ಸುಮಾರು 30 ಕೋಟಿ ವರ್ಷಕ್ಕೇ ಜೋರಾಗಿ ಹೊಳೆಯುತ್ತಿತ್ತು. ಮರುವರ್ಷ ಚಿಲಿಯ ಆಲ್ಮಾ ದೂರದರ್ಶಕಕ್ಕೆ ಅದರಲ್ಲಿ ಆಮ್ಲಜನಕ ಕಂಡಿತು. ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಹೊಟ್ಟೆಯೊಳಗೆ. ಅಂದರೆ ಅಷ್ಟರಲ್ಲೇ ಅಲ್ಲಿ ಒಂದು ತಲೆಮಾರಿನ ನಕ್ಷತ್ರಗಳು ಹುಟ್ಟಿ, ಬಾಳಿ, ಸಿಡಿದುಹೋಗಿದ್ದವು!

ಇಷ್ಟು ಬೇಗ ಬೆಳೆದದ್ದು ಹೇಗೆ? ನಕ್ಷತ್ರ ಹುಟ್ಟುವುದು ಅನಿಲದಿಂದ, ಆಗ ಅನಿಲ ಈಗಿನದಕ್ಕಿಂತ ಬಹಳ ದಟ್ಟವಾಗಿತ್ತು. ಕಣ್ಣಿಗೆ ಕಾಣದ, ಆದರೆ ಗುರುತ್ವದಿಂದ ಎಳೆಯುವ ಡಾರ್ಕ್ ಮ್ಯಾಟರ್ ಗಂಟುಗಟ್ಟಿದ ಕಡೆಗೆ ತಣ್ಣನೆಯ ಅನಿಲ ಎಳೆಎಳೆಯಾಗಿ ಹರಿದು ಬರುತ್ತಿತ್ತು. ಕ್ಷೀರಪಥದಲ್ಲಿ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತದೆ. ಅಂದಿನ ದೊಡ್ಡ ಗ್ಯಾಲಕ್ಸಿಗಳಲ್ಲಿ ನೂರಾರು ಸೂರ್ಯರಷ್ಟು ಆಗುತ್ತಿದ್ದುದುಂಟು.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವ ಗ್ಯಾಲಕ್ಸಿ ಇನ್ನೊಂದಿದೆ. ಅದರ ನಕ್ಷತ್ರಗಳ ತೂಕ ಸಾವಿರ ಕೋಟಿ ಸೂರ್ಯರಿಗೂ ಮಿಗಿಲು. ವಿಶ್ವಕ್ಕೆ 70 ಕೋಟಿ ವರ್ಷ ಆಗುವಷ್ಟರಲ್ಲೇ ಅದು ಹೊಸ ನಕ್ಷತ್ರ ಹುಟ್ಟಿಸುವುದನ್ನು ನಿಲ್ಲಿಸಿಬಿಟ್ಟಿತ್ತು. ಹೀಗೆ ನಿಲ್ಲಲು ಕಪ್ಪುಕುಳಿಯ ಕಡೆಯಿಂದ ಬೀಸುವ ಬಿಸಿ ಅನಿಲದ ರಭಸವೇ ಮುಖ್ಯ ಕಾರಣ ಇರಬಹುದು. ಅದು ಉಳಿದ ಅನಿಲವನ್ನು ಹೊರಕ್ಕೆ ತಳ್ಳುತ್ತದೆ.

ಹೀಗೆ ಬೇಗ ನಿಂತ ಗ್ಯಾಲಕ್ಸಿಗಳು ಮೊದಲು ಪುಟ್ಟದಾಗಿ, ಗಟ್ಟಿಯಾಗಿ ಇರುತ್ತವೆ. ಮುಂದೆ ಅಕ್ಕಪಕ್ಕದ ಸಣ್ಣವನ್ನು ನುಂಗುತ್ತಾ ಹಿಗ್ಗುತ್ತವೆ. ಹೊಸದಾಗಿ ಸೇರಿದ ನಕ್ಷತ್ರಗಳು ಹೊರಗೆ ಹರಡಿಕೊಳ್ಳುತ್ತವೆ. ಹಳೆಯವು ನಡುವೆಯೇ ಉಳಿಯುತ್ತವೆ. ಇಂದಿನ ದೊಡ್ಡ ಅಂಡಾಕಾರದ ಗ್ಯಾಲಕ್ಸಿಗಳ ನಡುಭಾಗದಲ್ಲಿ ಅಂಥ ಮುದಿ ನಕ್ಷತ್ರಗಳು ಈಗಲೂ ಕೆಂಪಗೆ ಉರಿಯುತ್ತಿವೆ.